ಯುಎಸ್ ಹಿಸ್ಟರಿ ಎಸ್ಸೆ: ಇಸವಿ ಎಲ್ಲ ಸರಿ, ಮಾರ್ಕ್ಸ್ ಮಾತ್ರ ಇಲ್ಲ

ಬಯಲುಸೀಮೆ_ಹುಡುಗ
ಟೆಕ್ಸಾಸಿನ ಕಮ್ಯುನಿಟಿ ಕಾಲೇಜು, ಮೇಜರ್ ಕಂಪ್ಯೂಟರ್ ಸೈನ್ಸ್. ಇಲ್ಲಿ ಸರ್ಕಾರಿ ಕಾಲೇಜಿನ ಡಿಗ್ರಿಗೆ ಅಮೆರಿಕದ ಇತಿಹಾಸ ಆರು ಕ್ರೆಡಿಟ್ ಕಡ್ಡಾಯ. ಈ ಸೆಮಿಸ್ಟರ್ ಮೊದಲ ಭಾಗ, ಅಂದರೆ 1877ರವರೆಗೆ. ಮುಂದಿನ ಸಲ ವರ್ಲ್ಡ್ ಹಿಸ್ಟರಿ ಕೂಡ ತಗೊಳ್ಳೋ ಯೋಚನೆ ಇದೆ. ಮೊದಲ ಎಸ್ಸೆ: ಅಂತರ್ಯುದ್ಧಕ್ಕೆ ಕಾರಣಗಳೇನು? ಗುಲಾಮಗಿರಿ, ರಾಜ್ಯಗಳ ಹಕ್ಕು, ಆರ್ಥಿಕ ವ್ಯತ್ಯಾಸ, ಲಿಂಕನ್ ಗೆಲುವು ಎಲ್ಲವನ್ನೂ ಇಸವಿ ಸಮೇತ ಬರೆದಾಗಿದೆ. ಬಂದದ್ದು ಸಿ ಪ್ಲಸ್, ಪಕ್ಕದಲ್ಲಿ "ಇದು ಸಾರಾಂಶ, ವಾದವಲ್ಲ" ಅಂತ ಷರಾ. ಮೂರು ಪ್ರಶ್ನೆ: ವಾದ ಅಂದರೆ ಇವರಿಗೆ ಏನು ಬೇಕು? ಮೂಲ ದಾಖಲೆ ಹೇಗೆ ಬಳಸಬೇಕು? ಎರಡನೇ ಭಾಗವನ್ನು, ತರಗತಿಗೆ ಹೋಗದೆಯೇ ಕ್ರೆಡಿಟ್ ಕೊಡಿಸೋ ಕ್ಲೆಪ್ ಪರೀಕ್ಷೆ ಬರೆದು ಮುಗಿಸಬಹುದಾ?

ಹಳೇಕಾಗದ
ನಿಮ್ಮ ನಾಲ್ಕು ಕಾರಣಗಳ ಪಟ್ಟಿ ತಪ್ಪಲ್ಲ. ಆದರೆ ಅವು ಅಕ್ಕಪಕ್ಕ ನಿಂತಿವೆ, ಒಂದಕ್ಕೊಂದು ಸಂಬಂಧ ಇಲ್ಲ. ವಾದ ಅಂದರೆ ಯಾವುದು ಮೂಲ, ಯಾವುದು ಅದರ ಫಲ, ಮತ್ತು ಆ ಹೊತ್ತಿಗೇ ಯಾಕೆ ಅನ್ನೋದನ್ನ ನೀವು ತೀರ್ಮಾನಿಸಿ ಹೇಳೋದು.

ಗುಲಾಮಗಿರಿ 1787ರಲ್ಲಿ ಸಂವಿಧಾನ ಬರೆಯುವಾಗಲೇ ಇತ್ತು. ಪ್ರಾತಿನಿಧ್ಯ ಲೆಕ್ಕ ಹಾಕಲು ಗುಲಾಮರನ್ನು ಐದರಲ್ಲಿ ಮೂರು ಪಾಲು ಎಣಿಸೋ ನಿಯಮ ಅಲ್ಲೇ ಇದೆ. ಹಾಗಿದ್ದರೆ ಯುದ್ಧ 1861ರವರೆಗೆ ಯಾಕೆ ಕಾಯಿತು? ಪ್ರೊಫೆಸರ್ ಕೇಳ್ತಿರೋದು ಇದನ್ನೇ. ಒಂದು ಉತ್ತರ ಹೀಗಿರಬಹುದು: 1820ರ ಮಿಸೌರಿ ಒಪ್ಪಂದ 36 ಡಿಗ್ರಿ 30 ಮಿನಿಟಿನ ಅಕ್ಷಾಂಶದಲ್ಲಿ ಗುಲಾಮಗಿರಿ ಎಲ್ಲಿಯವರೆಗೆ ಅನ್ನೋ ಗೆರೆ ಎಳೆದು ಜಗಳವನ್ನು ಮುಂದೂಡಿತು. 1846-48ರ ಮೆಕ್ಸಿಕೋ ಯುದ್ಧದಿಂದ ಆ ಗೆರೆ ಮುಟ್ಟದ ಹೊಸ ನೆಲ ಬಂತು. 1854ರಲ್ಲಿ ಕ್ಯಾನ್ಸಸ್-ನೆಬ್ರಾಸ್ಕ ಕಾಯ್ದೆ ಗೆರೆಯನ್ನೇ ಅಳಿಸಿತು, 1857ರ ಸುಪ್ರೀಂ ಕೋರ್ಟಿನ ಡ್ರೆಡ್ ಸ್ಕಾಟ್ ತೀರ್ಪು ಅಂಥ ಗೆರೆ ಎಳೆಯೋ ಅಧಿಕಾರವೇ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಇಲ್ಲ ಅಂದಿತು. ರಾಜಿಗೆ ಇದ್ದ ದಾರಿ ಒಂದೊಂದಾಗಿ ಮುಚ್ಚಿದ ಮೇಲೆ, 1860ರಲ್ಲಿ ಗುಲಾಮಗಿರಿ ಇದ್ದ ಯಾವ ರಾಜ್ಯದಿಂದಲೂ ಒಂದು ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಎಣಿಸುವ ಮತ) ಇಲ್ಲದೆ ಲಿಂಕನ್ ಗೆದ್ದರು. ದಕ್ಷಿಣದವರಿಗೆ ಅದರಿಂದ ಅರ್ಥವಾದದ್ದು, ಇನ್ನು ಚುನಾವಣೆಯಿಂದ ತಮಗೆ ರಕ್ಷಣೆ ಇಲ್ಲ ಅನ್ನೋದು.

ಇಲ್ಲಿ ಇಸವಿಗಳು ಅವೇ. ಆದರೆ ಪ್ರತಿಯೊಂದೂ ಮುಂದಿನದನ್ನು ತಳ್ಳುತ್ತಿದೆ.

ರಾಜ್ಯಗಳ ಹಕ್ಕು ಅನ್ನೋದನ್ನ ಬೇರೆ ಕಾರಣ ಅಂತ ಬರೆದರೆ ಓದುವವರು ಅಲ್ಲೇ ನಿಲ್ಲಿಸ್ತಾರೆ. 1850ರ ಪಲಾಯಿತ ಗುಲಾಮರ ಕಾಯ್ದೆ ಒಕ್ಕೂಟ ಸರ್ಕಾರದ ಬಲವನ್ನು ಉತ್ತರದ ರಾಜ್ಯಗಳ ಮೇಲೆ ಹೇರಿದ ಕಾಯ್ದೆ, ಅದನ್ನು ಕೇಳಿ ಪಡೆದವರು ದಕ್ಷಿಣದವರು. 1860ರ ಡಿಸೆಂಬರಿನಲ್ಲಿ ಸೌತ್ ಕ್ಯಾರೊಲೈನ ತಾನು ಒಕ್ಕೂಟದಿಂದ ಬೇರ್ಪಡಲು ಕಾರಣ ಹೇಳಿ ಹೊರಡಿಸಿದ ಘೋಷಣೆಯ ದೊಡ್ಡ ದೂರು, ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿ ಓಡಿಬಂದವರನ್ನು ಹಿಡಿದುಕೊಡುತ್ತಿಲ್ಲ ಅನ್ನೋದು. ಅಂದರೆ ಅವರ ತಕರಾರು ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದರ ಮೇಲೆ. ಈ ಒಂದು ಪ್ಯಾರಾ ಸರಿಯಾಗಿ ಬಂದರೆ ನಿಮ್ಮ ಗ್ರೇಡ್ ಬದಲಾಗುತ್ತದೆ.

ತುಂಗಾತೀರ
ಮೂಲ ದಾಖಲೆ ಬಗ್ಗೆ. ಹೆಚ್ಚಿನವರು ಮಾಡೋದು: ಉದ್ಧರಣ ತಂದು ಹಾಕಿ "ಇದರಿಂದ ತಿಳಿಯುತ್ತದೆ" ಅಂತ ಮುಂದೆ ಹೋಗೋದು. ದಾಖಲೆಗೆ ನಾಲ್ಕು ಪ್ರಶ್ನೆ ಹಾಕಿ: ಬರೆದವರು ಯಾರು, ಯಾವಾಗ, ಯಾರಿಗೆ, ಏನು ಸಾಧಿಸೋಕೆ. ನಾಲ್ಕನ್ನೂ ಪ್ರತಿ ದಾಖಲೆಗೆ ಬರೆಯಬೇಕಿಲ್ಲ. ನಿಮ್ಮ ವಾದಕ್ಕೆ ಬೇಕಾದ ಒಂದನ್ನು ಹಿಡಿದು, ಅದರಿಂದ ದಾಖಲೆಯ ತೂಕ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿ.

ಅಲೆಕ್ಸಾಂಡರ್ ಸ್ಟೀಫನ್ಸ್ ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಹೊಸ ಸರ್ಕಾರದ ಉಪಾಧ್ಯಕ್ಷ. 1861ರ ಮಾರ್ಚ್ 21ರಂದು ಸವಾನ್ನದಲ್ಲಿ ಮಾತಾಡುತ್ತ, ತಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಕರಿಯ ಬಿಳಿಯ ಸಮನಲ್ಲ ಅನ್ನೋ ತತ್ವ ಅಂತ ನೇರವಾಗಿ ಹೇಳಿದ. ಯುದ್ಧ ಸೋತ ಮೇಲೆ, 1868ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಪುಸ್ತಕದಲ್ಲಿ ಅದೇ ಮನುಷ್ಯ ಇದು ಗುಲಾಮಗಿರಿಯ ಜಗಳವಲ್ಲ, ಒಕ್ಕೂಟ ತತ್ವ ಮತ್ತು ಕೇಂದ್ರೀಕೃತ ಅಧಿಕಾರದ ನಡುವಿನ ಜಗಳ ಅಂತ ವಾದಿಸಿದ. ಮೊದಲ ಮಾತಿನ ಹೊತ್ತಿಗೆ ಗೆಲ್ಲುವ ನಂಬಿಕೆ, ಎದುರಿಗೆ ತನ್ನವರೇ, ಮುಚ್ಚುಮರೆ ಬೇಕಿರಲಿಲ್ಲ. ಎರಡನೆಯದರ ಹೊತ್ತಿಗೆ ಗುಲಾಮಗಿರಿ ಕಾನೂನಿನಲ್ಲೇ ಇಲ್ಲ, ಉಳಿದದ್ದು ಮಾನ. ಎರಡನ್ನೂ ಪಕ್ಕದಲ್ಲಿಟ್ಟು ಯಾವುದನ್ನು ಯಾವ ಪ್ರಶ್ನೆಗೆ ನಂಬಬಹುದು ಅಂತ ನಾಲ್ಕು ಸಾಲು ಬರೆದರೆ ಅದೇ ದಾಖಲೆ ವಿಶ್ಲೇಷಣೆ. ಎರಡನೆಯದು ಸುಳ್ಳು ಅಂತ ಬಿಸಾಡೋದೂ ತಪ್ಪು: 1861ರ ಕಾರಣಕ್ಕೆ ಅದು ದುರ್ಬಲ ಸಾಕ್ಷಿ, ಸೋತವರು ನೆನಪನ್ನು ಹೇಗೆ ತಿದ್ದಿಕೊಂಡರು ಅನ್ನೋ ಪ್ರಶ್ನೆಗೆ ಒಳ್ಳೆಯ ಸಾಕ್ಷಿ.

ಬಯಲುಸೀಮೆ_ಹುಡುಗ
ಥ್ಯಾಂಕ್ಸ್ ಮೇಡಂ. ಆದರೆ ಲಿಂಕನ್ನೇ "ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸಲು ಸಾಧ್ಯವಾದರೆ ಹಾಗೇ ಮಾಡುತ್ತೇನೆ" ಅಂದಿದ್ದಾರಲ್ಲ? ಅದು ಗುಲಾಮಗಿರಿ ಕಾರಣ ಅಲ್ಲ ಅನ್ನೋದಕ್ಕೆ ಸಾಕ್ಷಿ ಆಗಲ್ವಾ?

ತುಂಗಾತೀರ
ಇಲ್ಲ. ಮತ್ತೆ ದಿನಾಂಕ ನೋಡಿ. ಆ ಪತ್ರ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದದ್ದು, 1862ರ ಆಗಸ್ಟ್ 22. ಗುಲಾಮರ ವಿಮೋಚನಾ ಘೋಷಣೆಯ ಕರಡನ್ನು ಲಿಂಕನ್ ತಮ್ಮ ಮಂತ್ರಿಸಂಪುಟದ ಮುಂದೆ ಓದಿದ್ದು ಅದಕ್ಕೂ ಒಂದು ತಿಂಗಳ ಹಿಂದೆ, ಜುಲೈ 22. ಅಂದರೆ ನಿರ್ಧಾರ ಮೇಜಿನ ಮೇಲಿತ್ತು. ಸೇನೆ ಒಂದು ಗೆಲುವು ಕಾಣಲಿ ಅಂತ ಕಾಯುತ್ತಿದ್ದರು. ಸೆಪ್ಟೆಂಬರ್ 17ರ ಆಂಟೀಟಂ ಕದನದ ನಂತರ, 22ಕ್ಕೆ ಪ್ರಾಥಮಿಕ ಘೋಷಣೆ ಹೊರಬಿತ್ತು. ಸಾರ್ವಜನಿಕವಾಗಿ ಅಚ್ಚಾಗುವ ಆ ಪತ್ರ, ಒಕ್ಕೂಟಕ್ಕಾಗಿ ಹೋರಾಡುವ ಆದರೆ ಗುಲಾಮರ ವಿಮೋಚನೆ ಬೇಡವೆನ್ನುವ ಉತ್ತರದವರನ್ನು ಮುಂದಿನ ಹೆಜ್ಜೆಗೆ ಸಿದ್ಧಮಾಡುವ ಪತ್ರ. ಕೊನೆಯಲ್ಲಿ ಎಲ್ಲೆಡೆ ಎಲ್ಲರೂ ಸ್ವತಂತ್ರರಾಗಲಿ ಅನ್ನೋದು ತಮ್ಮ ವೈಯಕ್ತಿಕ ಆಸೆ ಅಂತಲೂ ಇದೆ, ಅದನ್ನು ಬಿಟ್ಟೇ ಎಲ್ಲರೂ ಉದ್ಧರಿಸೋದು.

ಇನ್ನೊಂದು: ನಿಮ್ಮ ಎಸ್ಸೆ ಪ್ರಶ್ನೆ ಯುದ್ಧಕ್ಕೆ ಏನು ಕಾರಣ ಅಂತ, ಅಂದರೆ ದಕ್ಷಿಣದ ರಾಜ್ಯಗಳು ಬೇರ್ಪಟ್ಟದ್ದು ಯಾಕೆ ಅಂತ. ಲಿಂಕನ್ ಯಾಕೆ ಹೋರಾಡಿದರು ಅನ್ನೋದು ಬೇರೆ ಪ್ರಶ್ನೆ. ಏಳು ರಾಜ್ಯಗಳು ಅವರು ಅಧಿಕಾರ ವಹಿಸಿಕೊಳ್ಳೋ ಮೊದಲೇ ಹೋಗಿಯಾಗಿತ್ತು.

ಕೆಂಡಸಂಪಿಗೆ88
ಇದೇ ಸಾಲಿನಲ್ಲಿ ಪದೇ ಪದೇ ಬರೋ ಎಡವಟ್ಟುಗಳು: 1863ರ ಜನವರಿ 1ರ ಘೋಷಣೆ ಎಲ್ಲ ಗುಲಾಮರನ್ನು ಬಿಡಿಸಿತು ಅಂತ ಬರೆಯೋದು. ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅದು. ಗುಲಾಮಗಿರಿ ಇದ್ದೂ ಒಕ್ಕೂಟ ಬಿಡದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ಹೊರಗೆ. ದೇಶಕ್ಕೆಲ್ಲ ಕೊನೆ ಹಾಡಿದ್ದು 1865ರ 13ನೇ ತಿದ್ದುಪಡಿ. ಪೌರತ್ವ 14ನೆಯದು, 1868. ಮತದಾನ 15ನೆಯದು, 1870. ಮೂರನ್ನೂ ಒಂದೇ ಗಂಟು ಮಾಡಬೇಡಿ. ಆಮೇಲೆ ಆ ಕಾಲದ ರಿಪಬ್ಲಿಕನ್, ಡೆಮಾಕ್ರಟ್ ಪಕ್ಷಗಳನ್ನು ಇವತ್ತಿನ ಪಕ್ಷಗಳ ಕನ್ನಡಕದಲ್ಲಿ ನೋಡೋದು. ಇದಕ್ಕಂತೂ ಮಾರ್ಕ್ಸ್ ಹೋಗೇ ಹೋಗುತ್ತೆ.

1877ಕ್ಕೆ ಕೋರ್ಸ್ ಯಾಕೆ ಕತ್ತರಿಸ್ತಾರೆ ಅನ್ನೋದೂ ಪರೀಕ್ಷೆಗೆ ಬರುತ್ತೆ. 1876ರ ಚುನಾವಣೆಯಲ್ಲಿ 20 ಎಲೆಕ್ಟೋರಲ್ ಮತ ವಿವಾದದಲ್ಲಿ ಬಿದ್ದವು: ಫ್ಲಾರಿಡ, ಲೂಯಿಸಿಯಾನ, ಸೌತ್ ಕ್ಯಾರೊಲೈನ, ಜೊತೆಗೆ ಆರೆಗನ್ನಿನ ಒಂದು. ಇಪ್ಪತ್ತೂ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್‌ಗೆ ಹೋಗಿ 185-184ರಲ್ಲಿ ಗೆದ್ದರು. ದಕ್ಷಿಣದಲ್ಲಿ ರಿಪಬ್ಲಿಕನ್ ಸರ್ಕಾರಗಳಿಗೆ ಕಾವಲಿದ್ದ ಕೊನೆಯ ಸೈನಿಕರು ಬ್ಯಾರಕ್ಕಿಗೆ ಮರಳಿದರು. ಪುನರ್‌ನಿರ್ಮಾಣ, ಅಂದರೆ ಯುದ್ಧದ ನಂತರ ದಕ್ಷಿಣವನ್ನು ಮತ್ತೆ ಕಟ್ಟುವ ಕೆಲಸ, ಅಲ್ಲಿಗೆ ಮುಗಿಯಿತು.

ಲೆಕ್ಕಪತ್ರ
ಕ್ಲೆಪ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಎರಡು ಬೇರೆ ಪರೀಕ್ಷೆಗಳಿವೆ. ಮೊದಲನೆಯದು 1877ರವರೆಗೆ, ಎರಡನೆಯದು 1865ರಿಂದ ಇಲ್ಲಿಯವರೆಗೆ. ಪ್ರತಿಯೊಂದರಲ್ಲೂ 120 ಬಹು ಆಯ್ಕೆ ಪ್ರಶ್ನೆ, 90 ನಿಮಿಷ. ಸ್ಕೋರ್ 20ರಿಂದ 80. ಕ್ರೆಡಿಟ್ ಕೊಡಲು ಶಿಫಾರಸಾದ ಅಂಕ 50. ಎರಡನೆಯದರಲ್ಲಿ ಸುಮಾರು 30 ಶೇಕಡಾ ಮಾತ್ರ 1914ರವರೆಗಿನದು, 70 ಶೇಕಡಾ 1915ರ ನಂತರದ್ದು. ಆರಂಭದ ಅಧ್ಯಾಯಗಳಲ್ಲೇ ಅರ್ಧ ಸಮಯ ಕಳೆದವರು ಸೋಲೋದು ಅದಕ್ಕೇ. ಶುಲ್ಕ ನೂರು ಡಾಲರಿನ ಆಸುಪಾಸು, ಪರೀಕ್ಷಾ ಕೇಂದ್ರ ತನ್ನದೇ ಚಾರ್ಜ್ ಸೇರಿಸಬಹುದು. ಒಂದು ಕೋರ್ಸಿನ ಫೀ ಮುಂದೆ ಇದು ಏನೂ ಅಲ್ಲ.

ಹಳೇಕಾಗದ
ಲೆಕ್ಕಪತ್ರ ಅವರು ಹೇಳಿದ ಅಂಕಿಅಂಶ ಸರಿ, ಸಲಹೆಗೆ ನನ್ನ ಅರ್ಧ ಒಪ್ಪಿಗೆ. ನೀವು ಮುಂದೆ ವರ್ಗಾವಣೆ ಆಗುವ ವಿಶ್ವವಿದ್ಯಾಲಯ ಕ್ಲೆಪ್ ಕ್ರೆಡಿಟ್ ಒಪ್ಪುತ್ತದೋ ಇಲ್ಲವೋ ಅದು ಮುಖ್ಯ, ಈಗಿನ ಕಾಲೇಜು ಒಪ್ಪಿದರೆ ಸಾಲದು. ರಿಜಿಸ್ಟ್ರಾರ್ ಕಚೇರಿಗೆ ಈಮೇಲ್ ಮಾಡಿ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ಅಲ್ಲದೆ ಈಗ ಬಿದ್ದ ಪೆಟ್ಟು ಬರವಣಿಗೆಯದ್ದು. ಬಹು ಆಯ್ಕೆ ಪರೀಕ್ಷೆ ಅದನ್ನು ತಿದ್ದೋದಿಲ್ಲ, ಮುಚ್ಚುತ್ತದೆ ಅಷ್ಟೆ.

ಲೆಕ್ಕಪತ್ರ
ಕಂಪ್ಯೂಟರ್ ಸೈನ್ಸ್ ಓದೋರಿಗೆ ಇತಿಹಾಸದ ಎಸ್ಸೆ ಬರೆಯೋ ಕಲೆ ಯಾಕೆ ಅಂತ ಕೇಳಿದರೆ ಜಗಳ ಆಗುತ್ತೆ, ಬಿಡಿ ಸರ್. ಹಣ, ಸಮಯ ಎರಡೂ ಉಳಿಯುತ್ತೆ ಅನ್ನೋದು ಮಾತ್ರ ಸತ್ಯ.

ಹತ್ತಿಕಟಗಿ
ಹತ್ತಿ, ಗುಲಾಮಗಿರಿ ಅಂತ ಇಷ್ಟೆಲ್ಲಾ ಬರದ್ರಿ, ಧಾರವಾಡ ಬಿಟ್ಟೇ ಬಿಟ್ರಲ್ಲರೀ! ವರ್ಲ್ಡ್ ಹಿಸ್ಟರಿ ತಗೋತೀನಿ ಅಂದ್ರಲ್ಲ, ಎರಡೂ ಕೋರ್ಸ್ ಜೋಡಿಸೋ ಕೊಂಡಿ ಇಲ್ಲೇ ಐತಿ. ಯುದ್ಧಕ್ಕ ಮೊದಲು ಬ್ರಿಟನ್ನಿನ ಗಿರಣಿಗಳಿಗೆ ಹೋಗೋ ಹತ್ತಿಯೊಳಗ ಸುಮಾರು ಮುಕ್ಕಾಲು ಪಾಲು ಅಮೆರಿಕದ್ದು. 1861ಕ್ಕ ಉತ್ತರದವರು ದಕ್ಷಿಣದ ಬಂದರಿಗೆ ದಿಗ್ಬಂಧನ ಹಾಕಿದ್ರು, ಲ್ಯಾಂಕಶೈರ್ ಗಿರಣಿ ನಿಂತ್ವು. ಆಗ ಮುಂಬೈ ಕಡೆಯಿಂದ ಹತ್ತಿಗೆ ಬೇಡಿಕಿ ಏರಿತು. ಧಾರವಾಡ ಸೀಮ್ಯಾಗ 1840ರ ದಶಕದಿಂದಲೇ ಕಂಪನಿಯವರು ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದ್ರು. "ಧಾರವಾಡ ಅಮೆರಿಕನ್" ಅಂತಲೇ ಅದಕ್ಕ ವ್ಯಾಪಾರದಾಗ ಹೆಸರು. 1865ಕ್ಕ ಯುದ್ಧ ಮುಗೀತು, ದರ ಬಿತ್ತು, ಮುಂಬೈ ಶೇರು ಪೇಟಿ ಕುಸೀತು.

ಇದರಾಗ ಪರೀಕ್ಷಾಕ್ಕ ಬೇಕಾದ್ದು ಏನಂದ್ರ, ದಕ್ಷಿಣದವರ ಲೆಕ್ಕ ಯಾಕ ತಪ್ಪಿತು. ಹತ್ತಿ ಇಲ್ಲದ ಬ್ರಿಟನ್ ನಮ್ಮ ಪರ ಬಂದ ಬರತೈತಿ ಅಂತ ಅವರು ನಂಬಿದ್ರು. ಗೋದಾಮಿನಾಗ ಹಳೇ ದಾಸ್ತಾನು ಇತ್ತು, ಈಜಿಪ್ಟ್ ಮತ್ತ ಭಾರತದಿಂದ ಬದಲಿ ಹತ್ತಿ ಬಂತು, ವಿಮೋಚನಾ ಘೋಷಣೆ ಆದಮ್ಯಾಗ ಗುಲಾಮಗಿರಿ ಪರ ನಿಲ್ಲೋದು ಬ್ರಿಟನ್ನಿಗೆ ಕಷ್ಟ ಆತು. ಮೂರು ಕಾರಣ, ಮೂರಕ್ಕೂ ತೂಕ ಬ್ಯಾರೆ. ಯಾವುದು ದೊಡ್ಡದು ಅಂತ ನೀವು ಹೇಳ್ರಿ, ಅದೇ ಎಸ್ಸೆ.

ಮಲೆನಾಡ_ಮೆಣಸು
ವರ್ಲ್ಡ್ ಹಿಸ್ಟರಿ ಕೋರ್ಸಿನ ಕಷ್ಟವೇ ಬೇರೆ. ಅಲ್ಲಿ ಎಲ್ಲವನ್ನೂ ನೆನಪಿಡೋಕೆ ಹೋದವರು ನಾಲ್ಕನೇ ವಾರಕ್ಕೆ ಕೈಚೆಲ್ತಾರೆ. ದೇಶವಾರು ಟಿಪ್ಪಣಿ ಬೇಡ. ಚಲಿಸುವ ವಸ್ತುವನ್ನು ಹಿಡಿದು ಟಿಪ್ಪಣಿ ಮಾಡಿ. ಬೆಳ್ಳಿ ತಗೊಳ್ಳಿ: 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿ ಗಣಿ, 1571ರಲ್ಲಿ ಸ್ಪೇನಿನವರ ಮನಿಲಾ, 1581ರ ಹೊತ್ತಿಗೆ ಮಿಂಗ್ ಚೀನಾ ತೆರಿಗೆಯನ್ನು ಬೆಳ್ಳಿಯಲ್ಲೇ ಕೇಳುವ ಸುಧಾರಣೆಯನ್ನು ದೇಶವ್ಯಾಪಿ ಮಾಡಿತ್ತು. ಅಮೆರಿಕದ ಬೆಳ್ಳಿ ಕೊನೆಗೆ ಚೀನಾ ಸೇರಿದ್ದು ಯಾಕೆ ಅಂದರೆ ಬೇಡಿಕೆ ಅಲ್ಲಿತ್ತು. ಯುರೋಪು ನಡುವಿನ ದಲ್ಲಾಳಿ. ಒಂದೇ ಸರಪಳಿಯಲ್ಲಿ ಮೂರು ಖಂಡ, ಗಣಿಯಲ್ಲಿ ಮಿತಾ ಎಂಬ ಬಲವಂತದ ದುಡಿಮೆ, ತೆರಿಗೆ, ವ್ಯಾಪಾರ ಎಲ್ಲ ಬಂತು.

ಕೆರಿಬಿಯನ್ನಿನಲ್ಲಿ ಫ್ರಾನ್ಸಿನ ವಸಾಹತಾಗಿದ್ದ ಹೈಟಿ ಇನ್ನೊಂದು. 1791ರಲ್ಲಿ ಗುಲಾಮರ ದಂಗೆ, 1804ರ ಜನವರಿ 1ಕ್ಕೆ ಸ್ವಾತಂತ್ರ್ಯ. ನೆಪೋಲಿಯನ್ನನ ಸೇನೆ ಅಲ್ಲಿ ಹಳದಿ ಜ್ವರಕ್ಕೂ ಹೋರಾಟಕ್ಕೂ ಕರಗಿತು. ಸಕ್ಕರೆ ದ್ವೀಪವೇ ಕೈತಪ್ಪುತ್ತಿದೆ ಅಂದಮೇಲೆ ಅದಕ್ಕೆ ಧಾನ್ಯ ಒದಗಿಸಬೇಕಿದ್ದ, ಫ್ರಾನ್ಸಿನ ಕೈಲಿದ್ದ ವಿಶಾಲ ಲೂಯಿಸಿಯಾನ ಪ್ರಾಂತ ಯಾಕೆ? 1803ರಲ್ಲಿ 1.5 ಕೋಟಿ ಡಾಲರಿಗೆ ಮಾರಾಟ. ಅಮೆರಿಕದ ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟಾಯಿತು, ಆ ನೆಲಕ್ಕೆ ಗುಲಾಮಗಿರಿ ಹರಡಬೇಕೋ ಬೇಡವೋ ಅನ್ನೋ ಜಗಳವೇ ಮೇಲೆ ಹಳೇಕಾಗದ ಅವರು ಹೇಳಿದ ಮಿಸೌರಿ ಗೆರೆ. ಯುಎಸ್ ಹಿಸ್ಟರಿ ಎಸ್ಸೆಯಲ್ಲಿ ಹೈಟಿ ತಂದವರು ತೀರಾ ಕಡಿಮೆ. ತಂದರೆ ಓದುವವರು ಎದ್ದು ಕೂರುತ್ತಾರೆ.

ಅಂಕಿ ಬಳಸುವಾಗ ಅದರ ಅರ್ಥವನ್ನೂ ಹೇಳಿ. ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಹಡಗುಗಳ ದತ್ತಾಂಶದ ಪ್ರಕಾರ ಆಫ್ರಿಕಾದಿಂದ ಹತ್ತಿಸಿದವರು ಅಂದಾಜು 1.25 ಕೋಟಿ, ಬದುಕಿ ಇಳಿದವರು 1.07 ಕೋಟಿ. ಇದರಲ್ಲಿ ಉತ್ತರ ಅಮೆರಿಕದ ನೆಲಕ್ಕೆ ನೇರವಾಗಿ ಬಂದವರು ನಾಲ್ಕು ಲಕ್ಷಕ್ಕಿಂತ ಕಡಿಮೆ. ಆದರೆ 1860ರ ಜನಗಣತಿಯಲ್ಲಿ ಅಲ್ಲಿ ಗುಲಾಮರು 39.5 ಲಕ್ಷ. ಕೆರಿಬಿಯನ್ನಿನ ಸಕ್ಕರೆ ತೋಟಗಳಲ್ಲಿ ಜನ ಸಾಯುತ್ತಿದ್ದ ವೇಗಕ್ಕೆ ಹೊಸಬರನ್ನು ತರುತ್ತಲೇ ಇರಬೇಕಿತ್ತು. ಅಮೆರಿಕದಲ್ಲಿ 1808ಕ್ಕೆ ಹೊರಗಿನಿಂದ ತರುವುದು ನಿಷೇಧವಾದ ಮೇಲೂ ಹುಟ್ಟಿನಿಂದಲೇ ಸಂಖ್ಯೆ ಬೆಳೆಯಿತು, ವರ್ಜೀನಿಯದಿಂದ ಮಿಸಿಸಿಪ್ಪಿ ಕಡೆಗೆ ಮನುಷ್ಯರನ್ನು ಮಾರುವ ಒಳನಾಡಿನ ದಂಧೆ ಎದ್ದಿತು. ಬರೀ 1.25 ಕೋಟಿ ಅಂತ ಬರೆದರೆ ಇದ್ಯಾವುದೂ ಬರಲ್ಲ.

ಕೆಂಡಸಂಪಿಗೆ88
ಕೊಂಡಿ ಅಂದ ಮೇಲೆ ಮೈಸೂರನ್ನೂ ಹೇಳಿಬಿಡ್ತೀನಿ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗೆ ಷರತ್ತು ಹಾಕಿದ್ದು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗನ್ನು ಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ಹೈದರ್ ಅಲಿ. 1814ರಲ್ಲಿ ಬಾಲ್ಟಿಮೋರ್ ಮೇಲೆ ಬಿದ್ದ ಕಾಂಗ್ರೀವ್ ರಾಕೆಟ್‌ಗಳ ಹಿಂದೆ ಮೈಸೂರಿನ ರಾಕೆಟ್‌ಗಳಿವೆ, ಅಮೆರಿಕದ ರಾಷ್ಟ್ರಗೀತೆಯಲ್ಲಿ ಕೆಂಪಗೆ ಉರಿಯೋವು ಅವೇ.

ಹಳೇಕಾಗದ
ಒಳ್ಳೆ ಮಾಹಿತಿ, ಆದರೆ ಎಸ್ಸೆಯಲ್ಲಿ ಹಾಕುವಾಗ ಹುಷಾರು. ಹಡಗಿಗೆ ಹೈದರನ ಹೆಸರಿಟ್ಟದ್ದು ಬ್ರಿಟನ್ನಿನ ಶತ್ರುಗಳ ಸುದ್ದಿ ಫಿಲಡೆಲ್ಫಿಯಾ ತಲುಪುತ್ತಿತ್ತು ಅನ್ನೋದಕ್ಕೆ ಸಾಕ್ಷಿ. ಅಮೆರಿಕಕ್ಕೂ ಮೈಸೂರಿಗೂ ಮೈತ್ರಿ ಇತ್ತು ಅನ್ನೋದಕ್ಕಲ್ಲ. ಅಷ್ಟು ದೂರ ಎಳೆಯಬೇಡಿ.

ವಿಜಯನಗರ_ಪಿಜಿ
ಯುಪಿಎಸ್‌ಸಿ ಜಿಎಸ್ ಒಂದರ ವರ್ಲ್ಡ್ ಹಿಸ್ಟರಿಗೂ ಇದೇ ವಿಧಾನ ನಡೆಯುತ್ತಾ?

ಮಲೆನಾಡ_ಮೆಣಸು
ವಾದದ ಭಾಗ ನಡೆಯುತ್ತೆ, ಉದ್ದ ನಡೆಯಲ್ಲ. ಅಲ್ಲಿ 10 ಅಂಕಕ್ಕೆ 150 ಪದ, 15ಕ್ಕೆ 250. ಪಠ್ಯಕ್ರಮ 18ನೇ ಶತಮಾನದ ನಂತರದ್ದು: ಕೈಗಾರಿಕಾ ಕ್ರಾಂತಿ, ಮಹಾಯುದ್ಧಗಳು, ವಸಾಹತು ಏರಿದ್ದು ಇಳಿದದ್ದು. ದಾಖಲೆ ವಿಶ್ಲೇಷಣೆಗೆ ಜಾಗ ಇಲ್ಲ. ಮೊದಲ ಸಾಲಲ್ಲೇ ತೀರ್ಮಾನ, ಆಮೇಲೆ ಮೂರು ಆಧಾರ, ಸಾಕು. ಪೊಟೊಸಿ ಅಲ್ಲಿ ಬೇಡ.

ಪತ್ರಾಗಾರ
ಆಕರ ಎಲ್ಲಿ ಹುಡುಕೋದು ಅಂತ ಯಾರೂ ಹೇಳಿಲ್ಲ. ಸಂವಿಧಾನ, ಒಪ್ಪಂದ, ಘೋಷಣೆಗಳಿಗೆ ಯೇಲ್ ಕಾನೂನು ಶಾಲೆಯ ಅವಲಾನ್ ಪ್ರಾಜೆಕ್ಟ್. ವಾಷಿಂಗ್ಟನ್, ಜೆಫರ್ಸನ್, ಹ್ಯಾಮಿಲ್ಟನ್ ಪತ್ರಗಳಿಗೆ ಫೌಂಡರ್ಸ್ ಆನ್‌ಲೈನ್. ಹಳೆ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ. ಎಲ್ಲ ಉಚಿತ. ಜೇಸ್ಟೋರ್ ತಾಣದ ಸಂಶೋಧನಾ ಲೇಖನಗಳಿಗೆ ಕಾಲೇಜು ಲೈಬ್ರರಿ ಲಾಗಿನ್ ಮೂಲಕ ಹೋಗಿ, ನೇರ ಹೋದರೆ ಕೆಲವಕ್ಕೆ ದುಡ್ಡು ಕೇಳಬಹುದು.

ಪತ್ರಿಕೆಗಳಲ್ಲಿ ಹುಡುಕಿ ಏನೂ ಸಿಗದಿದ್ದರೆ ತಪ್ಪು ಸಾಮಾನ್ಯವಾಗಿ ಹುಡುಕುವ ಪದದ್ದು. ಆ ಕಾಲದವರು ಬಳಸುತ್ತಿದ್ದ ಪದ ಹಾಕಬೇಕು. 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮಿನಲ್ಲಿ ಭಾರತೀಯ ಮರದ ಕಾರ್ಖಾನೆ ಕಾರ್ಮಿಕರನ್ನು ಗುಂಪು ಓಡಿಸಿತು. ಅವರಲ್ಲಿ ಹೆಚ್ಚಿನವರು ಸಿಖ್ಖರು. ಪತ್ರಿಕೆಗಳಲ್ಲಿ ಎಲ್ಲರೂ "ಹಿಂದೂ"ಗಳೇ, ಅದನ್ನೂ ಕೊನೆಯಲ್ಲಿ ಎರಡು ಓ ಹಾಕಿ ಅಚ್ಚುಮಾಡುತ್ತಿದ್ದರು. ಆ ಕಾಗುಣಿತದಲ್ಲಿ ಹುಡುಕದಿದ್ದರೆ ಅರ್ಧ ಸುದ್ದಿ ಸಿಗಲ್ಲ. ಇನ್ನು 18ನೇ ಶತಮಾನದ ಅಚ್ಚಿನಲ್ಲಿ ಉದ್ದನೆಯ ಎಸ್ ಅಕ್ಷರ ಎಫ್ ಥರ ಕಾಣುತ್ತೆ, ಕಂಪ್ಯೂಟರೂ ಅದನ್ನು ಎಫ್ ಅಂತಲೇ ಓದಿರುತ್ತೆ.

ದಿನಾಂಕದಲ್ಲೂ ಒಂದು ಬಲೆ ಇದೆ. ಬ್ರಿಟನ್ ಮತ್ತು ವಸಾಹತುಗಳು 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಬಿಟ್ಟವು. ಅದಕ್ಕೂ ಮೊದಲು ಇಂಗ್ಲೆಂಡ್ ಮತ್ತು ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ವಾಷಿಂಗ್ಟನ್ ಹುಟ್ಟಿದ್ದು ಹಳೆ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸದರಲ್ಲಿ 1732ರ ಫೆಬ್ರವರಿ 22. ಎರಡು ಆಕರದಲ್ಲಿ ಎರಡು ಇಸವಿ ಕಂಡರೆ ಒಂದು ತಪ್ಪು ಅಂದುಕೊಳ್ಳಬೇಡಿ.

ಅಡಿಟಿಪ್ಪಣಿಗೆ ಹೆಚ್ಚಿನ ಇತಿಹಾಸ ವಿಭಾಗಗಳು ಶಿಕಾಗೋ ಶೈಲಿ ಕೇಳುತ್ತವೆ. ಲೇಖಕರ ಹೆಸರು, ಕೃತಿ, ಆವರಣದಲ್ಲಿ ಪ್ರಕಾಶಕ ಮತ್ತು ವರ್ಷ, ಆಮೇಲೆ ಪುಟ. 2024ರ 18ನೇ ಆವೃತ್ತಿಯಲ್ಲಿ ಪ್ರಕಟಣೆಯ ಊರು ಬಿಡಬಹುದು, ಹಳೆಯದರಲ್ಲಿ ಬೇಕು; ಯಾವ ಆವೃತ್ತಿ ಅಂತ ಸಿಲಬಸ್ ನೋಡಿ. ವಾಕ್ಯ ನಿಮ್ಮದೇ ಆದರೂ ವಿಚಾರ ಬೇರೆಯವರದ್ದಾದರೆ ಟಿಪ್ಪಣಿ ಬೇಕು. ಪಿಯುಸಿ ಅಭ್ಯಾಸದಂತೆ ಪಠ್ಯದ ಪ್ಯಾರಾವನ್ನು ಬಾಯಿಪಾಠ ಮಾಡಿ ಮನೆಯಲ್ಲಿ ಬರೆದು ಕೊಡುವ ಎಸ್ಸೆಯಲ್ಲಿ ಇಳಿಸಿದರೆ ಅದು ಕೃತಿಚೌರ್ಯದ ಕೇಸು, ಗ್ರೇಡ್ ಮಾತಲ್ಲ.

ತುಂಗಾತೀರ
ಪರೀಕ್ಷಾ ಕೋಣೆಯಲ್ಲಿ ಬರೆಯೋ ಎಸ್ಸೆಗೆ 40 ನಿಮಿಷ ಇದ್ದರೆ ಮೊದಲ ಏಳೆಂಟು ನಿಮಿಷ ಪೆನ್ನಿಗಿಂತ ತಲೆ ಓಡಲಿ: ಪ್ರಶ್ನೆಯ ಕ್ರಿಯಾಪದ, ಕಾಲಮಿತಿ ಎರಡಕ್ಕೂ ಗೆರೆ ಹಾಕಿ. "1800ರಿಂದ 1860" ಅಂದಿದ್ದರೆ 1863ರ ಘೋಷಣೆ ಬರೆದು ಏನೂ ಸಿಗಲ್ಲ. "ಎಷ್ಟರ ಮಟ್ಟಿಗೆ" ಅಂದಿದ್ದರೆ ಪ್ರಮಾಣ ಹೇಳಲೇಬೇಕು. ಪೀಠಿಕೆಯಲ್ಲಿ ಮನುಕುಲದ ಉದಯದಿಂದ ಶುರುಮಾಡಬೇಡಿ. ಹೆಸರು ಗುರುತಿಸೋ ಚಿಕ್ಕ ಪ್ರಶ್ನೆಗಳಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎರಡು ಸಾಲಿಗೆ ಮುಗಿಸಿ. ಉಳಿದ ಮೂರ್ನಾಲ್ಕು ಸಾಲು ಅದರಿಂದ ಏನು ಬದಲಾಯಿತು ಅನ್ನೋದಕ್ಕೆ. ಅಂಕ ಇರೋದು ಅಲ್ಲಿ.

ಬಯಲುಸೀಮೆ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ತಿದ್ದಿ ಕೊಡೋಕೆ ಅವಕಾಶ ಇದೆ. ಹೊಸ ಮುಖ್ಯವಾಕ್ಯ ನೋಡಿ: "ಗುಲಾಮಗಿರಿಯ ಭವಿಷ್ಯದ ಬಗ್ಗೆ 1820ರಿಂದ ನಡೆದ ರಾಜಿಗಳು 1846ರ ನಂತರ ಒಂದೊಂದಾಗಿ ಮುರಿದವು, ಹಾಗಾಗಿ ಯುದ್ಧ ಅನಿವಾರ್ಯವಾಯಿತು."

ಹಳೇಕಾಗದ
ಮೊದಲಿಗಿಂತ ಎಷ್ಟೋ ವಾಸಿ. "ಅನಿವಾರ್ಯ" ತೆಗೆಯಿರಿ, ಅದನ್ನು ಸಾಬೀತು ಮಾಡೋಕೆ ನಿಮ್ಮಿಂದಾಗಲ್ಲ, ಯಾರಿಂದಲೂ ಆಗಿಲ್ಲ. "ದಕ್ಷಿಣದ ಏಳು ರಾಜ್ಯಗಳ ನಾಯಕರು ಬೇರ್ಪಡುವುದೇ ಸುರಕ್ಷಿತ ಎಂದು ನಿರ್ಧರಿಸಿದರು" ಅಂತ ಹಾಕಿ. ಮುರಿಯಿತು, ನಡೆಯಿತು, ಆಯಿತು ಅಂತ ಬರೆದರೆ ಯಾರು ಮಾಡಿದರು ಅನ್ನೋದು ಮರೆಯಾಗುತ್ತೆ. ಒಂದೊಂದು ರಾಜಿ ಮುರಿದದ್ದೂ ಯಾರೋ ಮತ ಹಾಕಿದ್ದರಿಂದ, ಯಾರೋ ತೀರ್ಪು ಕೊಟ್ಟಿದ್ದರಿಂದ. 1854ಕ್ಕೆ ಆ ಕಾಯ್ದೆ ತಂದ ಸೆನೆಟರ್ ಸ್ಟೀಫನ್ ಡಗ್ಲಸ್, 1857ಕ್ಕೆ ಮುಖ್ಯ ನ್ಯಾಯಮೂರ್ತಿ ಟೇನಿ: ಈ ಎರಡು ಹೆಸರು ನಿಮ್ಮ ಮೂರನೇ ಪ್ಯಾರಾಕ್ಕೆ ಬರಲಿ.